ಆನ್‌ಲೈನ್ ಯೋಗ ತರಗತಿ: ಜೋಡಣೆ ಮತ್ತು ಬಳಕೆಯ ಕೈಪಿಡಿ (ನೀಲಗಿರಿ ಮಾದರಿ)

ಬಳಸುವ ಮುನ್ನ

ಅಭಿನಂದನೆಗಳು. ಕೂತಲ್ಲೇ ಕೂತು ಊರೂರಿನವರ ಬೆನ್ನು ಬಗ್ಗಿಸಿ ಬದುಕಬಹುದು ಎಂಬ ಯೋಚನೆಯನ್ನು ನೀವು ಈಗಷ್ಟೇ ಮನೆಗೆ ತಂದಿದ್ದೀರಿ. ಪೊಟ್ಟಣ ಬಿಚ್ಚುವ ಮೊದಲು ಮನೆಯವರಿಗೊಂದು ಮಾತು ಹೇಳಿಬಿಡಿ. ನಡುಮನೆಯ ಅರ್ಧ ಭಾಗ ಇನ್ನು ಮೇಲೆ ಅವರದಲ್ಲ.

ಈ ಕೈಪಿಡಿ ಉದಕಮಂಡಲ, ಕೂನೂರು, ಕೋಟಗಿರಿ, ಗುಡಲೂರು, ಮಸಿನಗುಡಿಯ ಬಳಕೆದಾರರಿಗೆ ಮಾತ್ರ. ಬೆಂಗಳೂರಿನವರು ತಮ್ಮ ಮಾದರಿಯ ಕೈಪಿಡಿಯನ್ನೇ ನೋಡತಕ್ಕದ್ದು; ಅದರಲ್ಲಿ ಮಹಡಿ ಮನೆಯವರ ಮಿಕ್ಸಿಯ ಬಗ್ಗೆ ಇಡೀ ಅಧ್ಯಾಯವಿದೆ, ಕಾಟಿಯ ಬಗ್ಗೆ ಒಂದು ಸಾಲೂ ಇಲ್ಲ.

ಪೊಟ್ಟಣದಲ್ಲಿ ಇರಬೇಕಾದವು: ಚಾಪೆ ಒಂದು, ಫೋನು ಒಂದು, ಅದನ್ನು ನಿಲ್ಲಿಸಲು ಸ್ಟ್ಯಾಂಡು, ಮುಖಕ್ಕೆ ರಿಂಗ್ ಲೈಟು, ಸ್ವೆಟರು ಎರಡು. ಒಂದು ಸ್ವೆಟರು ತರಗತಿಗೆ ಮೊದಲು, ಇನ್ನೊಂದು ತರಗತಿಯ ನಂತರ. ತರಗತಿಯ ಹೊತ್ತಿನಲ್ಲಿ ಚಳಿಯನ್ನು ಮುಗುಳ್ನಗೆಯಿಂದಲೇ ತಡೆಯತಕ್ಕದ್ದು. ಕೊನೆಯದಾಗಿ, ದೇಹ ಒಂದು. ಮಂಡಿಯ ಬದಲಿ ಭಾಗ ಕೊಯಮತ್ತೂರಿನಲ್ಲಿ ಸಿಗುತ್ತದೆ, ಆದರೆ ಅದರ ಖರ್ಚು ಈ ವ್ಯಾಪಾರದಲ್ಲಿ ಹುಟ್ಟುವುದಿಲ್ಲ.

ಅರ್ಹತೆ

ಕಾರು ಓಡಿಸಲು ಲೈಸೆನ್ಸ್ ಬೇಕು. ಊಟಿಯಿಂದ ಮಸಿನಗುಡಿಗೆ ಕಲ್ಲಟ್ಟಿ ಘಾಟಿಯ 36 ತಿರುವು ಇಳಿಯಬೇಕಾದರೆ ಲೈಸೆನ್ಸಿನ ಜೊತೆಗೆ ಈ ಜಿಲ್ಲೆಯ ನಂಬರ್ ಪ್ಲೇಟೂ ಬೇಕು. ಇನ್ನೊಬ್ಬರ ಬೆನ್ನುಮೂಳೆ ತಿರುವಲು ನಮ್ಮ ದೇಶದಲ್ಲಿ ಯಾವ ಲೈಸೆನ್ಸೂ ಕಡ್ಡಾಯವಲ್ಲ. ಬೇಕೇ ಬೇಕು ಎನ್ನುವವರಿಗೆ ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆಗಳಿವೆ. ವಿದೇಶದ ಶಿಷ್ಯರನ್ನು ನೆಚ್ಚಿಕೊಂಡವರಲ್ಲಿ ಅಮೆರಿಕದ ಯೋಗ ಅಲಯನ್ಸ್ ಸಂಸ್ಥೆಯ 200 ಗಂಟೆಗಳ ಕೋರ್ಸಿಗೆ ಚಲಾವಣೆ ಜಾಸ್ತಿ. ದಿನಕ್ಕೆ ಎಂಟು ಗಂಟೆಯಂತೆ ಅದು 25 ದಿನದ ಮಾತು.

ಹೋಲಿಸಿ ನೋಡುವ ಚಪಲವಿದ್ದವರಿಗೆ ಒಂದು ಕಥೆ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ, ಬಾಲ್ಯವೆಲ್ಲ ಕಾಯಿಲೆಯಲ್ಲೇ ಕಳೆದ ಹುಡುಗನೊಬ್ಬ ಮೈಸೂರಿನಲ್ಲಿದ್ದ ಅಕ್ಕನ ಮನೆ ಸೇರಿ, ಭಾವನ ಕೈಯಲ್ಲಿ ಬೈಸಿಕೊಳ್ಳುತ್ತ ಆಸನ ಕಲಿತ. 1937ರಲ್ಲಿ ಆರು ತಿಂಗಳ ಮಟ್ಟಿಗೆ ಪಾಠ ಹೇಳಲೆಂದು ಪುಣೆಗೆ ಹೊರಟಾಗ ಅವನಿಗೆ 18 ವರ್ಷ. ಕೈಯಲ್ಲಿ ಪ್ರಮಾಣಪತ್ರವಿರಲಿಲ್ಲ, ಬಾಯಲ್ಲಿ ಮರಾಠಿಯೂ ಇರಲಿಲ್ಲ. ಆ ಆರು ತಿಂಗಳು 2014ರವರೆಗೂ ನಡೆಯಿತು. ಅವರೇ ಬಿ.ಕೆ.ಎಸ್. ಅಯ್ಯಂಗಾರ್; ಆ ಭಾವ ತಿರುಮಲೈ ಕೃಷ್ಣಮಾಚಾರ್ಯ. ಈ ಕಥೆಯನ್ನು ನಿಮ್ಮ ಸಮರ್ಥನೆಗೆ ಬಳಸುವ ಹಾಗಿಲ್ಲ. ಆ ಹುಡುಗ ಪುಣೆಯಲ್ಲಿ ಹಗಲೂ ರಾತ್ರಿ ತನ್ನ ಮೈಮೇಲೇ ಪ್ರಯೋಗ ಮಾಡಿಕೊಂಡು ಕಲಿತವನು. ನೀವು ಪ್ರಮಾಣಪತ್ರವನ್ನೇ ಪಡೆದು, ಕ್ಯಾಮೆರಾಕ್ಕೆ ಕಾಣುವಂತೆ ಹಿಂದಿನ ಗೋಡೆಗೆ ನೇತುಹಾಕಿ. ತುಸು ವಾಲಿದ್ದರೆ ಒಳ್ಳೆಯದು, ನಿರಾಸಕ್ತಿಯಿಂದ ನೇತುಹಾಕಿದಂತೆ ಕಾಣುತ್ತದೆ.

ಹೆಸರು ಮತ್ತು ವಂಶಾವಳಿ

'ನೀಲಗಿರಿ' ಎಂಬ ಹೆಸರು ಬೇಡ. ಬೆಂಗಳೂರಿನ ಹಳಬರು ಬ್ರಿಗೇಡ್ ರಸ್ತೆಯ ಬ್ರೆಡ್ಡು, ಬೆಣ್ಣೆ ನೆನೆಸಿಕೊಳ್ಳುತ್ತಾರೆ. 'ಹಿಮಾಲಯ' ಈಗಾಗಲೇ ಋಷಿಕೇಶದವರ ಪಾಲಾಗಿದೆ. ನಿಮಗೆ ಒಪ್ಪುವ ಹೆಸರು ಘಾಟಿಯ ಕೆಳಗೇ ಇದೆ: ಮೈಸೂರು.

ಇದರಲ್ಲಿ ಮೋಸವಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಮರುವರ್ಷ ಅವರ 'ಯೋಗ ಮಕರಂದ' ಅಚ್ಚಾಯಿತು, ಅದೂ ಕನ್ನಡದಲ್ಲಿ. ಇವತ್ತು ಲಂಡನ್ನಿನಲ್ಲೋ ಲಾಸ್ ಏಂಜಲೀಸಿನಲ್ಲೋ ಜನ ಬೆವರು ಸುರಿಸಿ ಮಾಡುವ ಯೋಗದ ಬಹುಪಾಲು ಆ ಶಾಲೆಯಿಂದ ಹೊರಟದ್ದು. ಅಲ್ಲಿ ಕಲಿತ ಹಾಸನ ಕಡೆಯ ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆ ತೆರೆದರು, ಮುಂದೆ ಗೋಕುಲಂ ಬಡಾವಣೆಯ ತುಂಬ ವಿದೇಶಿಯರು ಬಾಡಿಗೆ ಮನೆ ಹುಡುಕುವಂತಾಯಿತು. ಅದೇ ಒಡೆಯರ ಬೇಸಿಗೆಯ ಬಿಡಾರ ಊಟಿಯ ಫರ್ನ್‌ಹಿಲ್ ಅರಮನೆ. ನಿಮ್ಮ ಮನೆಯಿಂದ ಆಟೊದಲ್ಲಿ ಹೋಗುವಷ್ಟು ದೂರ. ವಂಶಾವಳಿಗೆ ಇಷ್ಟು ಸಾಕು. ಆಟೊ ವಿಚಾರ ಬರೆಯಬೇಕಿಲ್ಲ.

ಜಾಹೀರಾತು ಮಾಡಿಕೊಳ್ಳಲು ನಾಚಿಕೆಯಾದರೆ ಅದಕ್ಕೂ ಮೈಸೂರಿನಲ್ಲೇ ಮದ್ದಿದೆ. ಕೃಷ್ಣಮಾಚಾರ್ಯರು ಊರೂರು ತಿರುಗಿ ಪ್ರದರ್ಶನ ಕೊಡುತ್ತಿದ್ದರು. ನಾಡಿ ನಿಲ್ಲಿಸಿ ತೋರಿಸುವುದು, ಕೈಯಲ್ಲಿ ಕಾರು ತಡೆಯುವುದು, ಹಲ್ಲಿನಿಂದ ಭಾರ ಎತ್ತುವುದು, ಇವೆಲ್ಲ ಅವರ ಜೀವನಚರಿತ್ರೆಗಳಲ್ಲಿ ದಾಖಲಾಗಿವೆ. 1938ರಲ್ಲಿ ಗುರುಶಿಷ್ಯರ ಆಸನಗಳನ್ನು ಮೂಕಿ ಚಿತ್ರವಾಗಿಯೂ ತೆಗೆದರು. 1983ರಲ್ಲಿ 'ಕಾಮನಬಿಲ್ಲು' ಚಿತ್ರಕ್ಕೆ ಹೋದ ಕನ್ನಡಿಗರು ರಾಜ್‌ಕುಮಾರ್ ಹಾಕಿದ ಆಸನಗಳನ್ನು ನೋಡಿ ಮನೆಗೆ ಬಂದು ಗೋಡೆಗೆ ಕಾಲು ಕೊಟ್ಟು ತಲೆಕೆಳಗಾದರು. ಆದ್ದರಿಂದ ರೀಲ್ಸ್ ಮಾಡುವವರು ಪರಂಪರೆ ಕೆಡಿಸುತ್ತಿದ್ದಾರೆಂದು ಯಾರಾದರೂ ಮೂಗು ಮುರಿದರೆ, ಪರಂಪರೆಗೆ ಕ್ಯಾಮೆರಾ ಹೊಸದಲ್ಲವೆಂದು ವಿನಯದಿಂದ ತಿಳಿಸಿ.

ಎಚ್ಚರಿಕೆ: ಪ್ರದರ್ಶನಕ್ಕೆ ಬೆಲೆ ಇದೆ. ಒಮ್ಮೆ ಎಲ್ಲರೆದುರು ಹನುಮಾನಾಸನ ಹಾಕು ಎಂದು ಗುರು ಅಪ್ಪಣೆ ಮಾಡಿದಾಗ, ತಪ್ಪಿಸಿಕೊಳ್ಳಲು ಹುಡುಗ ಅಯ್ಯಂಗಾರರು ಚಡ್ಡಿ ಬಿಗಿಯಾಗಿದೆ ಎಂದರು. ಆಗೆಲ್ಲ ದರ್ಜಿಗಳು ಹನುಮಾನ್ ಚಡ್ಡಿಯನ್ನು ಬೆರಳೂ ತೂರದಷ್ಟು ಬಿಗಿಯಾಗಿ ಹೊಲಿಯುತ್ತಿದ್ದರಂತೆ. ಗುರುಗಳು ಕತ್ತರಿ ತರಿಸಿ ಚಡ್ಡಿಯ ಅಂಚು ಕತ್ತರಿಸಿದರು. ಹುಡುಗ ಆಸನ ಹಾಕಿದ, ತೊಡೆಯ ಹಿಂದಿನ ಸ್ನಾಯು ಹರಿಯಿತು, ವರ್ಷಗಟ್ಟಲೆ ನಡೆಯಲು ಕಷ್ಟಪಟ್ಟ. ಈ ಪ್ರಸಂಗವನ್ನು ಅಯ್ಯಂಗಾರರೇ ಹೇಳಿಕೊಂಡಿದ್ದಾರೆ. ರೀಲ್ಸಿಗೆಂದು ಕಾಲು ಚಾಚುವ ಮೊದಲು ಇದನ್ನು ಇನ್ನೊಮ್ಮೆ ಓದಿ. ಈಗಿನ ಚಡ್ಡಿಗಳು ಬೇಕಾದಷ್ಟು ಹಿಗ್ಗುತ್ತವೆ, ತಪ್ಪಿಸಿಕೊಳ್ಳಲು ಆ ನೆಪವೂ ಉಳಿದಿಲ್ಲ.

ಕಿಟಕಿ

ಇದು ಯಂತ್ರದ ಮುಖ್ಯ ಭಾಗ, ನಿಧಾನವಾಗಿ ಓದಿ.

ಸೂರ್ಯನಮಸ್ಕಾರ ಹೇಳಿಕೊಡುವವರು ಬೆಂಗಳೂರಿನ ಜಯನಗರದಲ್ಲಿ ಬೀದಿಗೊಬ್ಬರಿದ್ದಾರೆ. ಯೂಟ್ಯೂಬಿನಲ್ಲಿ ಪುಕ್ಕಟೆ ಇದೆ. ಹಾಗಿದ್ದೂ ನ್ಯೂಜೆರ್ಸಿಯ ಒಬ್ಬ ಕನ್ನಡಿಗರು ನಿಮಗೇ ತಿಂಗಳ ಹಣ ಕಳಿಸುವುದು ಏಕೆ? ನಿಮ್ಮ ಬೆನ್ನ ಹಿಂದೆ ಕಿಟಕಿಯಿದೆ, ಕಿಟಕಿಯಾಚೆ ಟೀ ತೋಟ, ಅದರಾಚೆ ಸಿಲ್ವರ್ ಓಕ್ ಸಾಲು, ಅದರಾಚೆ ಬೆಟ್ಟ. ನೀವು ಮಾರುತ್ತಿರುವುದು ಅದನ್ನು. ಆಸನ ಅದರ ಜೊತೆಗೆ ಕೊಡುವ ಕೊಸರು.

ಇಲ್ಲಿ ಗಾಳಿ ಮಾರುವ ಕಸುಬಿಗೆ 200 ವರ್ಷ ತುಂಬಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಮೇಲೆ ಹತ್ತಿ ಬಂದ. ಈ ಚಳಿ ಇಂಗ್ಲಿಷರ ಮೈಗೆ ಒಗ್ಗುತ್ತದೆಂದು ಮದ್ರಾಸಿನವರಿಗೆ ಬರೆದು ಬರೆದು ಒಪ್ಪಿಸಿದ, ಊಟಿಯಲ್ಲಿ ಕಲ್ಲುಮನೆ ಕಟ್ಟಿದ, ಹಿಂದೆಯೇ ಕಾಯಿಲೆಯ ಸಿಪಾಯಿಗಳು ಸುಧಾರಿಸಿಕೊಳ್ಳಲು ಬಂದರು. ತೊದವರ ಎಮ್ಮೆ ಮೇಯುತ್ತಿದ್ದ ಹುಲ್ಲುಗಾವಲು, ಬಡಗರ ಹಟ್ಟಿಯ ಹೊಲ ಒಂದೊಂದಾಗಿ ಬಂಗಲೆ, ತೋಟ, ಕೆರೆ, ಕ್ಲಬ್ಬು ಆದವು. ಸಲ್ಲಿವನ್ ಗಾಳಿ ಕುಡಿಯಲು ಜನರನ್ನು ಮೇಲಕ್ಕೆ ಕರೆಸಿದ. ನೀವು ಲಿಂಕ್ ಕಳಿಸುತ್ತೀರಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. 2025ರ ಬೇಸಿಗೆಯಲ್ಲಂತೂ ವಾರದ ದಿನ 6000, ವಾರಾಂತ್ಯದಲ್ಲಿ 8000 ವಾಹನ ಎಂದು ಮಿತಿ ಹಾಕಿದರು. ಜೂಮ್‌ನ ಉಚಿತ ಖಾತೆಯ ಮಿತಿ 100 ಜನ. ಹೊಗೆ ಇಲ್ಲ, ಪಾರ್ಕಿಂಗ್ ಇಲ್ಲ. ಜಿಲ್ಲಾಡಳಿತ ನಿಮ್ಮನ್ನು ಕರೆದು ಶಾಲು ಹೊದಿಸಬೇಕು.

ಜೋಡಣೆ ಹೀಗೆ: ಸ್ಟ್ಯಾಂಡನ್ನು ಕಿಟಕಿಗೆ ಎದುರಾಗಿ, ನೆಲದಿಂದ ಸೊಂಟದೆತ್ತರಕ್ಕೆ ನಿಲ್ಲಿಸಿ. ಬೆಟ್ಟ ಚೌಕಟ್ಟಿನೊಳಗೆ ಬರಬೇಕು. ಪಕ್ಕದ ಮನೆಯ ಕಪ್ಪು ಸಿಂಟೆಕ್ಸ್ ಟ್ಯಾಂಕು, ಒಣಹಾಕಿದ ಬಟ್ಟೆ, ಕಾಟೇಜಿನ ಬೋರ್ಡು ಬರಬಾರದು. ಬೆಳಗ್ಗೆ ಟೀ ಎಲೆ ಕೀಳಲು ಹೋಗುವ ಹೆಂಗಸರು ಚೀಲ ಹೊತ್ತು ಹಿಂದಿನಿಂದ ಹಾದುಹೋಗುತ್ತಾರೆ. ಅವರು ಬಂದರೆ ಶಿಷ್ಯರಿಗೆ ಖುಷಿ, ಆದ್ದರಿಂದ ಬರಲಿ. ಇಳಿಜಾರಿನಲ್ಲಿ ಹಗಲಿಡೀ ನಿಂತು, ಬಾಗಿ, ಭಾರ ಹೊರುವವರು ಅವರು. ಸಮನೆಲದ ಮೇಲೆ ತಾಡಾಸನದಲ್ಲಿ ನಿಂತು ಪಾದದ ನಾಲ್ಕು ಮೂಲೆಗೂ ಭಾರ ಹಂಚಿ ಎಂದು ಹೇಳುತ್ತಿರುವವರು ನೀವು. ಅವರಲ್ಲಿ ಯಾರೂ ನಿಮ್ಮ ತರಗತಿಗೆ ಸೇರುವುದಿಲ್ಲ. ಸೊಂಟನೋವು ಅವರಿಗೇ ಹೆಚ್ಚು, ಆದರೆ ತರಗತಿಯ ಹೊತ್ತಿಗೆ ಅವರಿಗೆ ಕೆಲಸವಿದೆ, ಶುಲ್ಕವೂ ಅವರ ಕೂಲಿಗೆ ಹೊಂದುವುದಿಲ್ಲ. ಈ ವಾಕ್ಯವನ್ನು ಕರಪತ್ರದಲ್ಲಿ ಹಾಕಬೇಡಿ.

ಜೂನ್‌ನಿಂದ ಮಂಜು ಇಳಿದು ಕಿಟಕಿ ಬಿಳಿಯಾಗುತ್ತದೆ. ಗುಡಲೂರು, ದೇವಾಲ ಕಡೆಯವರಿಗೆ ಮಳೆ ಬೇರೆ. ತಗಡಿನ ಮನೆಯಲ್ಲಿದ್ದರೆ ಶ್ವಾಸದ ಸದ್ದಿರಲಿ ನಿಮ್ಮ ಕೂಗೇ ಕೇಳದು. ಆಗ ಹಳೆಯ ಬೆಟ್ಟದ ಫೋಟೊವನ್ನು ಪರದೆಯ ಹಿನ್ನೆಲೆಯಾಗಿ ಹಾಕಿಕೊಳ್ಳುವ ಆಸೆ ಬರುತ್ತದೆ. ಹಾಕಬೇಡಿ, ಕೈ ಎತ್ತಿದಾಗೆಲ್ಲ ಬೆರಳು ಬೆಟ್ಟದೊಳಗೆ ಕರಗಿಹೋಗುತ್ತದೆ. (ಪಕ್ಕದ ಮಾತು: ಊಟಿಯ ಇಂದುನಗರದಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಇತ್ತು, 'ಇಂದು' ಫಿಲ್ಮು ಇಲ್ಲಿಂದಲೇ ದೇಶಕ್ಕೆಲ್ಲ ಹೋಗುತ್ತಿತ್ತು. ಈಗ ಎಲ್ಲರ ಜೇಬಿಗೂ ಕ್ಯಾಮೆರಾ ಬಂದಿದೆ, ಆ ಕಾರ್ಖಾನೆಯೇ ಇಲ್ಲ.)

ಕಾಟಿ ಬಂದರೆ: ತರಗತಿ ನಿಲ್ಲಿಸಬೇಡಿ, ಕ್ಯಾಮೆರಾ ತಿರುಗಿಸಿ. ಕರಡಿ ಬಂದರೆ: ಕ್ಯಾಮೆರಾ ಬಿಟ್ಟು ಬಾಗಿಲು ಹಾಕಿ.

ವೇಳಾಪಟ್ಟಿ

ಬೆಳಗಿನ 6:30ಕ್ಕೆ ನೀವು ಶುರು ಮಾಡಿದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯವರಿಗೆ ಹಿಂದಿನ ರಾತ್ರಿ 9 ಗಂಟೆ, ಕ್ಯಾಲಿಫೋರ್ನಿಯಾದವರಿಗೆ ಹಿಂದಿನ ಸಂಜೆ 6. ನಿಮ್ಮ ಮಂಗಳವಾರ ಅವರ ಸೋಮವಾರ. ನಿಮ್ಮ ಖಾಲಿ ಹೊಟ್ಟೆ ಅವರ ಬಿಸಿಬೇಳೆ ಭಾತ್ ಉಂಡ ಹೊಟ್ಟೆ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ, ಮಾರ್ಚ್ ಎರಡನೆಯ ಭಾನುವಾರ ಮುಂದಕ್ಕೆ. ಇಂಗ್ಲೆಂಡಿನವರು ಇದೇ ಕೆಲಸವನ್ನು ಅಕ್ಟೋಬರ್ ಮತ್ತು ಮಾರ್ಚ್ ತಿಂಗಳ ಕೊನೆಯ ಭಾನುವಾರಗಳಂದು ಮಾಡುತ್ತಾರೆ. ನಡುವಿನ ಆ ವಾರಗಳಲ್ಲಿ ಒಬ್ಬರು ಒಂದು ಗಂಟೆ ಮೊದಲೇ ಬಂದು ಕೂತಿರುತ್ತಾರೆ, ಇನ್ನೊಬ್ಬರು ಶವಾಸನದ ಹೊತ್ತಿಗೆ ಬಂದು "ಶುರುವಾಯ್ತಾ ಮೇಡಂ?" ಎನ್ನುತ್ತಾರೆ. ಗಡಿಯಾರದ ವಿಷಯದಲ್ಲಿ ನಮ್ಮ ದೇಶಕ್ಕೆ ಸ್ಥಿತಪ್ರಜ್ಞತೆ ಇದೆ ಎಂಬ ಅಭಿಮಾನದಿಂದ ಸಮಾಧಾನ ಪಟ್ಟುಕೊಳ್ಳಿ.

ಅಷ್ಟಾಂಗ ಪದ್ಧತಿಯವರು ಅಮಾವಾಸ್ಯೆ, ಹುಣ್ಣಿಮೆಗೆ ರಜೆ ಕೊಡುತ್ತಾರೆ. ಯಾರ ಊರಿನ ಅಮಾವಾಸ್ಯೆ ಎಂದು ಶಿಷ್ಯರು ಕೇಳಿದರೆ ಒಂಟಿಕೊಪ್ಪಲ್ ಪಂಚಾಂಗ ತೋರಿಸಿ ಮಾತು ಮುಗಿಸಿ.

ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲಿನ ಮೇಲೆ ಬೆಳಗ್ಗೆ ಮಂಜುಗಡ್ಡೆಯ ಪುಡಿ ಬಿದ್ದಿರುತ್ತದೆ. ಆ ಹೊತ್ತಿಗೆ ಎದ್ದು ತೋಳಿಲ್ಲದ ಅಂಗಿಯಲ್ಲಿ ಕೂರುವುದು ಈ ವ್ಯಾಪಾರದ ನಿಜವಾದ ತಪಸ್ಸು. ಬಡಗರ ಮನೆಯಾದರೆ ಹೆತ್ತೆ, ಅಂದರೆ ಅಜ್ಜಿ, ತಲೆಗೆ ಬಿಳಿ ಬಟ್ಟೆ ಕಟ್ಟಿ ಬಿಸಿನೀರಿನ ಚೊಂಬು ಹಿಡಿದು ಕ್ಯಾಮೆರಾದ ಮುಂದೆಯೇ ಹಾದುಹೋಗುತ್ತಾರೆ. ಈ ಚಳಿಯಲ್ಲಿ ಸ್ವೆಟರು ಬಿಚ್ಚಿ ಕೂತವರು ಯಾರ ಮೇಲೆ ಕೋಪ ತೀರಿಸಿಕೊಳ್ಳುತ್ತಿದ್ದಾರೆ ಎಂದು ಅವರು ಕೇಳಿದರೆ ಉತ್ತರ ಕೊಡಬೇಡಿ. ಮ್ಯೂಟ್ ಒತ್ತಿ.

ಧ್ವನಿ

ತರಗತಿ ಓಂಕಾರದಿಂದ ಶುರುವಾಗತಕ್ಕದ್ದು. ನೀವು ಕಣ್ಣು ಮುಚ್ಚಿ, ಹೊಕ್ಕುಳಿನಿಂದ ನಾದ ಎಬ್ಬಿಸಿ, ಎಳೆದು ಎಳೆದು ನಿಲ್ಲಿಸುತ್ತೀರಿ. ಆ ಕಡೆ ಕೇಳಿಸುವುದು 'ಓ' ಎಂಬ ಒಂದು ತುಣುಕು, ಆಮೇಲೆ ಮೌನ. ಏರಿಳಿತವಿಲ್ಲದೆ ಒಂದೇ ಸಮ ಬರುವ ಸದ್ದನ್ನು ಜೂಮ್ ಫ್ಯಾನಿನದೋ ಫ್ರಿಜ್ಜಿನದೋ ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ. ಭ್ರಾಮರಿ ಪ್ರಾಣಾಯಾಮಕ್ಕೂ ಇದೇ ಗತಿ. ಧ್ವನಿಯ ಸೆಟ್ಟಿಂಗಿನಲ್ಲಿ 'ಒರಿಜಿನಲ್ ಸೌಂಡ್' ಆರಿಸಿಕೊಂಡರೆ ಓಂಕಾರ ಪೂರ್ತಿ ಹೋಗುತ್ತದೆ. ಅದರ ಜೊತೆಗೆ ಕುಕ್ಕರಿನ ಕೂಗು, ಬೀದಿಯ ಮೀನಿನ ಗಾಡಿಯವನ ಮಲಯಾಳ, ಸೀಸನ್ನಿನಲ್ಲಿ ಟೂರಿಸ್ಟ್ ಬಸ್ಸಿನ ಹಾರ್ನೂ ಹೋಗುತ್ತವೆ.

ಎಲ್ಲರೂ ಒಟ್ಟಿಗೆ ಓಂ ಹೇಳುವುದು ಸಾಧ್ಯವೇ ಇಲ್ಲ. ಒಬ್ಬೊಬ್ಬರ ಧ್ವನಿ ಒಂದೊಂದು ಕ್ಷಣ ತಡವಾಗಿ ಬಂದು ಗಣಪತಿ ಮೆರವಣಿಗೆಯಾಗುತ್ತದೆ. ಎಲ್ಲರನ್ನೂ ಮ್ಯೂಟ್ ಮಾಡಿ. ಪ್ರತಿಯೊಬ್ಬರೂ ತಂತಮ್ಮ ಮನೆಯಲ್ಲಿ ಒಂಟಿಯಾಗಿ ಹೇಳಿಕೊಳ್ಳಲಿ, ಅಥವಾ ಬಾಯಿ ಮಾತ್ರ ತೆರೆಯಲಿ. ಇದರಲ್ಲಿ ಯಾರು ಯಾವುದನ್ನು ಮಾಡುತ್ತಿದ್ದಾರೆಂದು ನಿಮಗೆ ಎಂದಿಗೂ ತಿಳಿಯುವುದಿಲ್ಲ.

ಕರೆಂಟು, ಸಿಗ್ನಲ್

ಪೈಕಾರ ಹೊಳೆಯ ನೀರನ್ನು ಮಸಿನಗುಡಿಯ ಮಗ್ಗುಲಿನ ಸಿಂಗಾರಕ್ಕೆ ಕೆಡವಿ 1932ರಿಂದ ಕರೆಂಟು ತೆಗೆಯುತ್ತಿದ್ದಾರೆ. ಹೊಳೆ ನಮ್ಮದು, ಗುಡ್ಡ ನಮ್ಮದು, ಕರೆಂಟು ಮಾತ್ರ ಕೊಯಮತ್ತೂರಿನ ಕಡೆ ಇಳಿದುಹೋಗುವ ಅವಸರದಲ್ಲಿರುತ್ತದೆ. ಇನ್ವರ್ಟರ್ ಇಟ್ಟುಕೊಳ್ಳಿ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಕೇಬಲ್ಲಿನ ಮೇಲೆ ಕೋತಿ ಜೋತಾಡುವುದನ್ನು ಕಂಡರೆ ಆ ದಿನ ಧ್ಯಾನದ ತರಗತಿ ಇಟ್ಟುಕೊಳ್ಳಿ. ಚಿತ್ರ ಅಲ್ಲಾಡದೆ ನಿಂತರೂ ಶಿಷ್ಯರಿಗೆ ಅನುಮಾನ ಬರುವುದಿಲ್ಲ.

ಶುಲ್ಕ

ಉಚಿತ ಜೂಮ್ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಸರಿಯಾಗಿ ಶವಾಸನ ಶುರುವಾಗುವ ಹೊತ್ತಿಗೆ. ಮನಸ್ಸು ತಿಳಿಯಾಗುತ್ತಿದ್ದವರು ಲಿಂಕ್ ಹುಡುಕತೊಡಗುತ್ತಾರೆ. ಆದ್ದರಿಂದ ಮೊದಲ ಖರ್ಚು ಜೂಮ್‌ಗೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆಯಿಲ್ಲ, ಮತ್ತು ದಾಟುವ ಚಿಂತೆಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಮ್, ಸಲೂನು, ಕ್ಷೌರದಂಗಡಿ, ಯೋಗಕೇಂದ್ರಗಳ ತೆರಿಗೆ 18ರಿಂದ ಶೇ. 5ಕ್ಕೆ ಇಳಿಯಿತು. ಪತಂಜಲಿಯನ್ನೂ ಕ್ಷೌರಿಕನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಸಮದರ್ಶನಕ್ಕೆ ಕೈಮುಗಿಯೋಣ. ಕ್ಷೌರಿಕ ಹಣ ಎಣಿಸಿಕೊಂಡೇ ಕಳಿಸುತ್ತಾನೆ. ನೀವು ಮಾತ್ರ ತಿಂಗಳ ಕೊನೆಗೆ ವಾಟ್ಸಾಪ್ ಗುಂಪಿಗೆ ಕೈಮುಗಿದ ಚಿಹ್ನೆಯೊಂದಿಗೆ ಯುಪಿಐ ನಂಬರ್ ಹಾಕಿ, ಕಡಲಾಚೆಯಿಂದ ಬರುವ 'ಸಾರಿ ಮೇಡಂ, ಮರೆತೇಬಿಟ್ಟಿದ್ದೆ'ಗಾಗಿ ಕಾಯುತ್ತೀರಿ.

ಪುಕ್ಕಟೆ ಕಲಿಸುವ ಬಗ್ಗೆ: ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಹಳ್ಳಿ ಹಳ್ಳಿ ಸುತ್ತಿ ಯೋಗ ಶಿಬಿರ ನಡೆಸಿದರು, ತಮ್ಮನ್ನು 'ತಿರುಕ' ಎಂದೇ ಕರೆದುಕೊಂಡರು. ಆ ಮಾದರಿ ಈ ಪೊಟ್ಟಣದಲ್ಲಿ ಬರುವುದಿಲ್ಲ.

ನಿಮ್ಮ ಆಸನಗಳ ಸರಣಿಯನ್ನು ಬೇರೊಬ್ಬರು ಕದ್ದರೆ ಸುಮ್ಮನಿರಿ. ಬಿಕ್ರಮ್ ಚೌಧುರಿ ತಮ್ಮ 26 ಆಸನಗಳ ಸರಣಿಗೆ ಕಾಪಿರೈಟ್ ಬೇಕೆಂದು ಅಮೆರಿಕದ ಕೋರ್ಟಿಗೆ ಹೋಗಿದ್ದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಆಗದು ಎಂದಿತು. ಕಿಟಕಿಯನ್ನಂತೂ ಯಾರೂ ಕದಿಯಲಾರರು.

ಕಣ್ಣು

ಈ ಭಾಗ ಪೊಟ್ಟಣದಲ್ಲಿ ಇರುವುದಿಲ್ಲ, ಪ್ರತ್ಯೇಕವಾಗಿಯೂ ಸಿಗುವುದಿಲ್ಲ.

ಜಗತ್ತು 'ಮೈಸೂರು ಶೈಲಿ' ಎಂದು ಕರೆಯುವ ಪಾಠದಲ್ಲಿ ಗುರು ಮುಂದೆ ನಿಂತು ಆಸನ ಹಾಕಿ ತೋರಿಸುವುದಿಲ್ಲ. ಶಿಷ್ಯರು ತಂತಮ್ಮ ಉಸಿರಿನ ಲೆಕ್ಕದಲ್ಲಿ ತಮ್ಮ ಪಾಡಿಗೆ ಮಾಡುತ್ತಾರೆ. ಗುರು ನಡುವೆ ಓಡಾಡುತ್ತ ನೋಡುತ್ತಾರೆ, ಬೇಕಾದಲ್ಲಿ ಹೆಗಲಿಗೆ ಕೈ ಕೊಡುತ್ತಾರೆ, ಸಾಕೆನಿಸಿದಲ್ಲಿ ನಿಲ್ಲಿಸುತ್ತಾರೆ. ಪಾಠವೆಂದರೆ ಆ ನೋಟವೇ. ನಿಮ್ಮ ಪರದೆಯ ಮೇಲೆ ಕಾಣುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕಗಳು. ಒಂದರಲ್ಲಿ ಹಣೆ, ಒಂದರಲ್ಲಿ ತಿರುಗುವ ಫ್ಯಾನು, ಒಂದರಲ್ಲಿ ನಾಯಿ, ಉಳಿದವು ಕಪ್ಪು, ಅದರ ಮೇಲೆ ಹೆಸರು. ಆ ಕಪ್ಪು ಚೌಕಕ್ಕೆ "ಮಂಡಿ ಇನ್ನೂ ಸ್ವಲ್ಪ ಒಳಗೆ, ತುಂಬಾ ಚೆನ್ನಾಗಿದೆ ಸರ್" ಎನ್ನಲು ಅಭ್ಯಾಸ ಬೇಕು. ಅಷ್ಟಲ್ಲದೆ, ತರಗತಿಯ ಹೊತ್ತೆಲ್ಲ ನಿಮ್ಮ ಕಣ್ಣು ನಿಮ್ಮದೇ ಚೌಕದ ಮೇಲಿರುತ್ತದೆ.

ಆದ್ದರಿಂದ ಈ ಒಂದು ಸೂಚನೆಯನ್ನು ತಮಾಷೆಯಾಗಿ ಓದಬೇಡಿ. ಸೇರಿಸಿಕೊಳ್ಳುವ ಮೊದಲು ರಕ್ತದೊತ್ತಡ, ಕತ್ತು, ಸೊಂಟ, ಬಸಿರು, ಆಪರೇಷನ್, ಕಣ್ಣಿನ ಕಾಯಿಲೆ ಇವನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿ. ಗ್ಲಾಕೋಮಾ ಇದ್ದವರು ಶೀರ್ಷಾಸನ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಅದು ನಿಮಗೆ ಎಷ್ಟೇ ದೊಡ್ಡ ಪರದೆಯಲ್ಲೂ ಕಾಣದು. ತಲೆಕೆಳಗಾದ ಆಸನಗಳನ್ನು ಆನ್‌ಲೈನಿನಲ್ಲಿ ಹೊಸಬರಿಗೆ ಹೇಳಿಕೊಡಲೇಬೇಡಿ. ಬೇಸರಪಟ್ಟು ಬಿಟ್ಟುಹೋದರೆ ಹೋಗಲಿ.

ದೋಷ ಕಂಡುಬಂದಲ್ಲಿ

ಶಿಷ್ಯರು ಗೊರಕೆ ಹೊಡೆದರೆ ಅದು ದೋಷವಲ್ಲ. ನಿಮಗೆ ಗೊರಕೆ ಬಂದರೆ ವೇಳಾಪಟ್ಟಿಯ ಭಾಗವನ್ನು ಮತ್ತೆ ಓದಿ. ಎಡ ಎಂದಾಗ ಎಲ್ಲರೂ ಬಲಕ್ಕೆ ತಿರುಗಿದರೆ ಅವರು ನಿಮ್ಮ ಚಿತ್ರವನ್ನು ಕನ್ನಡಿಯೆಂದುಕೊಂಡು ಅನುಕರಿಸುತ್ತಿದ್ದಾರೆಯೇ ನೋಡಿ. ಇಲ್ಲದಿದ್ದರೆ ಅವರು ಬೇರೆ ಯಾವುದೋ ವೀಡಿಯೊ ನೋಡಿಕೊಂಡು ಮಾಡುತ್ತಿದ್ದಾರೆ.

ಶಿಷ್ಯರು ಖುದ್ದಾಗಿ ಬಂದರೆ: ಇದು ಅಪರೂಪದ ದೋಷ, ಸಾಮಾನ್ಯವಾಗಿ ಡಿಸೆಂಬರ್ ರಜೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೈಸೂರಿನಿಂದ ಸರ್ಕಾರಿ ಬಸ್ಸಿನಲ್ಲಿ ಬಂದರೆ ಇ-ಪಾಸ್ ಬೇಡ ಎಂದು ತಿಳಿಸಿ. ಹಗಲಲ್ಲೇ ಹೊರಡಲು ಹೇಳಿ, ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಂಡೀಪುರದ ಕಾಡುದಾರಿ ಮುಚ್ಚಿರುತ್ತದೆ. ಬಂದವರು ಚಾಪೆಯ ಮೇಲೆ ನಿಂತು ಮೊದಲ ಸೂರ್ಯನಮಸ್ಕಾರಕ್ಕೆ ಕೈ ಎತ್ತಿದ ಕೂಡಲೇ ಅವರ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ ಎಂಬುದು ನಿಮಗೆ ಕಾಣುತ್ತದೆ. ತಿಂಗಳುಗಟ್ಟಲೆ ಅದೇ ಕೈಗೆ ನೀವು ತುಂಬಾ ಚೆನ್ನಾಗಿದೆ ಎಂದಿದ್ದಿರಿ. ಆ ವಿಷಯ ಎತ್ತಬೇಡಿ. ಹಗ್ಗವೊಂದನ್ನು ತಂದು ಕೈಗೆ ಕೊಟ್ಟು, ಹೆಗಲಿನ ಹಿಂದೆ ನಿಂತು, ಇಂಚಿಂಚಾಗಿ ಎತ್ತಿಸಿ. ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ಅವರು ಕಿಟಕಿಯತ್ತ ನೋಡಿ, "ಮೇಡಂ, ದಿನಾ ಕಾಣ್ತಿತ್ತಲ್ಲ, ಆ ಬೆಟ್ಟ ಎಲ್ಲಿ?" ಎಂದು ಕೇಳುತ್ತಾರೆ.

"ಇಲ್ಲೇ ಇದೆ ಸರ್. ಮಂಜು ಸರಿದ ಮೇಲೆ ಕಾಣುತ್ತೆ."

ಕಾಯುತ್ತೇನೆ ಎಂದರೆ ಎರಡನೆಯ ದಿನದ ಬಾಡಿಗೆಯನ್ನೂ ಗೀಸರಿನ ಖರ್ಚನ್ನೂ ಬೇರೆಯಾಗಿ ಹಾಕತಕ್ಕದ್ದು.